ಬೆಳ್ಳಗಾಗುವ ಬೇನೆ

ಚೆನ್ನೈಯ ಕನ್ನಡದ ಅತ್ತೆಮ್ಮಂದಿರ ಧೈರ್ಯ ದೊಡ್ಡದು. ಬೆಳಿಗ್ಗೆ ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿ ಗುಡಿಯಲ್ಲಿ, ಮೀಸೆ ಹೊತ್ತ ಕಪ್ಪು ಕೃಷ್ಣನ ಮುಂದೆ ‘ಏನು ಚೆಲುವಪ್ಪಾ!’ ಎಂದು ಕೆನ್ನೆ ಬಡಿದುಕೊಳ್ಳುತ್ತಾರೆ. ಸಂಜೆ ಹುಡುಗಿಯ ಫೋಟೊ ಬಂದರೆ, ‘ಲಕ್ಷಣವಾಗಿದ್ದಾಳೆ, ಬಣ್ಣ ಸ್ವಲ್ಪ ಕಮ್ಮಿ’ ಎಂದು ರಾಗ ಎಳೆಯುತ್ತಾರೆ. ಕೃಷ್ಣ ದೇವರಾಗಿ ಬಚಾವಾದ. ಇವರ ಮನೆ ಸೊಸೆಯಾಗಿದ್ದರೆ ಗೊತ್ತಾಗುತ್ತಿತ್ತು!

ಆ ರಾಗಕ್ಕೆ ತಾಳ ಹಾಕಿದವರು ಬಿಳುಪಿನ ಕ್ರೀಮಿನ ಕಂಪನಿಯವರು. 1975ರಲ್ಲಿ ಫೇರ್ ಅಂಡ್ ಲವ್ಲಿ ಬಂತು. 1998ರಲ್ಲಿ ಚೆನ್ನೈಯದೇ ಕೆವಿನ್‌ಕೇರ್, ಬಸುರಿಗೆ ಕುಡಿಸುತ್ತಿದ್ದ ಕೇಸರಿ ಹಾಲನ್ನು ಕೆನ್ನೆಗೇ ಇಳಿಸಿ ಫೇರೆವರ್ ಮಾರಿತು. ಇದಕ್ಕೆದುರಾಗಿ ಇದೇ ಊರಿನಲ್ಲಿ ಕವಿತಾ ಇಮ್ಯಾನುಯೆಲ್ 2009ರಲ್ಲಿ ‘ಡಾರ್ಕ್ ಈಸ್ ಬ್ಯೂಟಿಫುಲ್’ ಚಳವಳಿ ಹೂಡಿದರು. 2020ರಲ್ಲಿ ಲವ್ಲಿಯ ಪಕ್ಕದ ಫೇರ್ ಹೋಗಿ ಗ್ಲೋ ಬಂತು. ಅತ್ತೆಯ ರಾಗ ಮಾತ್ರ ಹಾಗೇ ಇದೆ.

ಬಳಿದೂ ಬಳಿದೂ ಬೆಳ್ಳಗೆ ಮಾಡದ ಕ್ರೀಮಿಗೆ ನಾನು ಹೆದರುವುದಿಲ್ಲ. ಹೋದರೆ ದುಡ್ಡು ಹೋಯಿತು. ಎದೆ ನಡುಗುವುದು ‘ವಾರದಲ್ಲೇ ಗುಣ ಕಾಣ್ತು ಕಣೇ’ ಎಂದು ಯಾರಾದರೂ ಡಬ್ಬಿ ತೋರಿಸಿದಾಗ. ಹೆಸರು ವಿಳಾಸವಿಲ್ಲದ ಡಬ್ಬಿಯಾದರೆ ಒಳಗೆ ಪಾದರಸ ಇರಬಹುದು. ಅದು ಚರ್ಮ ಬಣ್ಣ ತಯಾರಿಸುವುದನ್ನೇ ತಡೆಯುತ್ತದೆ. ಆಮೇಲೆ ಸುಮ್ಮನಿರದೆ ರಕ್ತಕ್ಕಿಳಿದು ಕಿಡ್ನಿಯ ಜಾಲರಿ ಕೆಡಿಸುತ್ತದೆ. ಪ್ರೋಟೀನು ಮೂತ್ರದಲ್ಲಿ ಸೋರಿ ಕಾಲು ಊದುತ್ತದೆ. ಮುಖ ಬೆಳಗಿತು ಎಂದು ಕನ್ನಡಿ ನೋಡುವವರು ಕಾಲು ಯಾಕೆ ನೋಡುತ್ತಾರೆ? ದೂರದ ಮಾತಲ್ಲ, ಪಕ್ಕದ ಕೇರಳದ ಕೊಟ್ಟಕ್ಕಲ್ಲಿನ ವೈದ್ಯರು ಇಂಥದೊಂದು ಕಿಡ್ನಿ ಕಾಯಿಲೆಯ 15 ರೋಗಿಗಳನ್ನು ವಿಚಾರಿಸಿದಾಗ 13 ಮಂದಿ ಬಿಳುಪಿನ ಕ್ರೀಮ್ ಹಚ್ಚುತ್ತಿದ್ದುದನ್ನು ಒಪ್ಪಿಕೊಂಡರು. ನಮ್ಮ ಕಾನೂನು ಕ್ರೀಮಿಗೆ ಪಾದರಸ ಬೆರೆಸಲು ಬಿಡುವುದಿಲ್ಲ. ತಾನಾಗಿ ಸೇರಿದರೂ ಹತ್ತು ಲಕ್ಷದಲ್ಲಿ ಒಂದು ಭಾಗ ಮೀರಬಾರದು. ವಿಳಾಸವಿಲ್ಲದ ಡಬ್ಬಿಗೆ ಯಾವ ಕಾನೂನು?

ಇನ್ನು ಮೆಡಿಕಲ್ ಷಾಪಿನ ಟ್ಯೂಬು. ಇಸುಬಿಗೆಂದು ಕೊಡುವ ಸ್ಟೀರಾಯ್ಡ್ ಮುಲಾಮನ್ನು ಪೌಡರಿನ ಹಾಗೆ ದಿನಾ ತಿಕ್ಕುವವರಿದ್ದಾರೆ. ಮೊದಲು ಹೊಳಪು. ಆಮೇಲೆ ಚರ್ಮ ತೆಳುವಾಗಿ ಕೆಂಪು ನರ, ಮೊಡವೆ, ಹೆಣ್ಣುಮಕ್ಕಳಿಗೆ ಗಲ್ಲದ ಮೇಲೆ ಕೂದಲು. ಬಿಟ್ಟರೆ ಮುಖ ಉರಿ, ಬಿಡದಿದ್ದರೆ ಇನ್ನೂ ಕೇಡು. 2018ರಲ್ಲಿ ಸರ್ಕಾರ ಇಂಥ 14 ಮುಲಾಮುಗಳಿಗೆ ವೈದ್ಯರ ಚೀಟಿ ಕಡ್ಡಾಯ ಮಾಡಿತು. ಅತ್ತೆಗೆ ಚೀಟಿ ಯಾಕೆ, ಅಂಗಡಿಯವನು ‘ನಮ್ಮ ಹುಡುಗ’!

ಸುರಕ್ಷಿತ ದಾರಿಯೊಂದಿದೆ. ಬೆಂಗಳೂರಿನಲ್ಲಿ ಬಸ್ ಕಂಡಕ್ಟರಾಗಿದ್ದ ನಮ್ಮ ರಜನೀಕಾಂತ್, 2007ರ ‘ಶಿವಾಜಿ’ ಸಿನಿಮಾದಲ್ಲಿ ಹುಡುಗಿ ಕಪ್ಪೆಂದಳೆಂದು ಏನೇನೋ ಬಳಿದುಕೊಂಡು, ಕೊನೆಗೆ ಹಾಡಿನಲ್ಲಿ ಯುರೋಪಿನವರ ಹಾಗೆ ಬಿಳಿಚಿದರು. ಎಲ್ಲ ಕಂಪ್ಯೂಟರಿನ ಕೈಚಳಕ. ಕಿಡ್ನಿ ಭದ್ರ, ಚರ್ಮ ಭದ್ರ. ಖರ್ಚು ಮಾತ್ರ ಆ ಸಿನಿಮಾ ತೆಗೆದ ಎವಿಎಂನವರೇ ಕೊಡಬೇಕು.