ಶರಾ: ಪರಿಶೀಲನೆಯಲ್ಲಿದೆ

ಬಸವನಗುಡಿಯ ನಮ್ಮ ರಾಯರು ಟ್ಯಾಬ್ ತಗೊಳ್ಳುವವರಿದ್ದಾರೆ. 2011ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಆಗಿನ ಕೇಂದ್ರ ಸಚಿವ ಕಪಿಲ್ ಸಿಬಲ್ ಅವರು ‘ಆಕಾಶ್’ ಟ್ಯಾಬ್ ಬಿಡುಗಡೆ ಮಾಡಿದಾಗಿನಿಂದಲೂ ತಗೊಳ್ಳುವವರಿದ್ದಾರೆ. ಆಗ ರಾಯರು ಇನ್ನೂ ಖಜಾನೆಯಲ್ಲಿ ಸರ್ವೀಸಿನಲ್ಲಿದ್ದರು. ಏಳು ಇಂಚಿನ ಪರದೆ, 256 ಎಂಬಿ ರ‍್ಯಾಮ್, ಹೊರಗೆ ಮಾರುವ ಮಾಡೆಲ್ಲಿಗೆ 2,999 ರೂಪಾಯಿ. “ಮೊದಲನೇ ಬ್ಯಾಚು ಯಾವತ್ತೂ ತಗೋಬಾರದು ಕಣಯ್ಯಾ” ಅಂದರು. ಬೆರಳು ಸೋಕಿಸಿದರೆ ಜಪ್ಪಯ್ಯ ಅನ್ನದ, ಉಗುರಿನಲ್ಲಿ ಒತ್ತಿದರೆ ಮಾತ್ರ ಮಿಸುಕುವ ಆ ಪರದೆಯನ್ನು ಕಂಡವರೆಲ್ಲ ರಾಯರ ಮಾತಿಗೆ ತಲೆದೂಗಿದರು. ಅಲ್ಲಿಗೆ ಕೆಟ್ಟಿತು. ಕಾದವನೇ ಜಾಣ ಎಂಬುದು ರಾಯರಿಗೆ ಖಾತ್ರಿಯಾಗಿಹೋಯಿತು.

ಬೇಕಾಗಿರುವುದು ಏನು ಮಹಾ? ಇ-ಪೇಪರ್ ದೊಡ್ಡಕ್ಷರದಲ್ಲಿ ಕಾಣಬೇಕು, ಸಂಜೆ ಒಂದು ಪ್ರವಚನ ಕೇಳಬೇಕು, ಪುಣೆಯ ಮೊಮ್ಮಗಳ ಮುಖ ಫೋನಿನಲ್ಲಿ ಕಾಣುವುದಕ್ಕಿಂತ ಚೂರು ಅಗಲವಾಗಿ ಕಾಣಬೇಕು. ಹತ್ತು-ಹನ್ನೆರಡು ಸಾವಿರದಲ್ಲಿ ಮುಗಿಯುವ ಬಾಬತ್ತು. ಆದರೆ ಖಜಾನೆಯವರ ಕೈಯಿಂದ ಬಿಲ್ಲು ಅಷ್ಟು ಸಲೀಸಾಗಿ ಪಾಸಾದದ್ದುಂಟೇ?

ಅದಕ್ಕೊಂದು ನೋಟ್‌ಬುಕ್ಕೇ ಇದೆ. ಸ್ಕೇಲಿಟ್ಟು ಗೆರೆ ಎಳೆದು ಮಾಡೆಲ್ಲು, ರ‍್ಯಾಮು, ಬ್ಯಾಟರಿ, ದರ ಎಂದು ಕಾಲಂ ಮಾಡಿದ್ದಾರೆ. ಕೊನೆಯದು ‘ಶರಾ’. ಅದರಲ್ಲಿ ಕೆಂಪು ಇಂಕಿನಲ್ಲಿ: “3 ಜಿಬಿ ಸಾಲದು.” “32 ಜಿಬಿ ಎಂದು ಹೇಳಿ ಅರ್ಧ ಸಿಸ್ಟಮ್ಮೇ ನುಂಗಿದರೆ ಗತಿ?” “ಸಿಮ್ ಹಾಕಬಹುದು, ಆದರೆ ಕರೆ ಹೋಗುತ್ತದೆಯೇ? ವಿಚಾರಿಸುವುದು.” ಇತ್ತೀಚೆಗೆ ಯಾರೋ ಪುಣ್ಯಾತ್ಮರು ‘ವೈಡ್‌ವೈನ್ ಎಲ್1’ ಎಂದು ಕಿವಿಯಲ್ಲಿ ಊದಿದ್ದಾರೆ. ಅದಿಲ್ಲದ ಟ್ಯಾಬಿನಲ್ಲಿ ನೆಟ್‌ಫ್ಲಿಕ್ಸ್ ಎಚ್‌ಡಿಯಲ್ಲಿ ಬರುವುದಿಲ್ಲ ಎಂಬುದು ನಿಜವೇ. ರಾಯರು ಜನ್ಮದಲ್ಲಿ ನೆಟ್‌ಫ್ಲಿಕ್ಸ್ ನೋಡಿದವರಲ್ಲ ಎಂಬುದೂ ಅಷ್ಟೇ ನಿಜ. ಎಲ್1 ಇಲ್ಲವೆಂಬ ಒಂದೇ ಕಾರಣಕ್ಕೆ ಎರಡು ಮಾಡೆಲ್ಲುಗಳ ಕಡತ ವಾಪಸಾಗಿದೆ.

ಇನ್ನು ಮುಹೂರ್ತ. ಪಕ್ಷಮಾಸದಲ್ಲಿ ಹೊಸ ಸಾಮಾನು ತರುವಂತಿಲ್ಲ. ದಸರಾ ಸೇಲು ಬಂದರೆ ದೀಪಾವಳಿಗೆ ಇನ್ನೂ ಇಳಿಯುತ್ತದಂತೆ. ದೀಪಾವಳಿಗೆ ರಿಪಬ್ಲಿಕ್ ಡೇ ಆಫರ್ ಕಾಣಿಸುತ್ತದೆ, ಅದು ಕಳೆದರೆ ಬಜೆಟ್. 2025ರ ಸೆಪ್ಟೆಂಬರಿನಲ್ಲಿ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಾಗ ರಾಯರು ಮೈಯೆಲ್ಲ ಕಿವಿಯಾಗಿ ಕೂತಿದ್ದರು. ಟ್ಯಾಬಿಗೆ ಮೊದಲೇ ಇದ್ದದ್ದು 18. ಅದು ಅಲ್ಲೇ ಉಳಿಯಿತು. “ಇವತ್ತು ಟಿವಿ, ನಾಳೆ ಟ್ಯಾಬು. ದುಡುಕಬಾರದು” ಅಂದರು. “ದುಡುಕಬೇಡಿ ಅಂತ ನಾನಂತೂ ಯಾವತ್ತೂ ಹೇಳಿಲ್ಲಾರೀ” ಎಂದು ಒಳಗಿನಿಂದ ಮನೆಯವರ ದನಿ ಬಂತು.

ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ ರಾಯರನ್ನು ನೋಡಬೇಕು. ಡೆಮೊ ಪೀಸ್ ಕೈಗೆ ತಗೊಂಡು ಮೊದಲು ತೂಗುತ್ತಾರೆ. ಆಮೇಲೆ ಬೆನ್ನಿಗೆ ಬೆರಳಗಂಟಿನಿಂದ ಟಕಟಕ ಬಡಿದು, ತೆಂಗಿನಕಾಯಿ ಆರಿಸುವವರ ಹಾಗೆ ಕಿವಿ ಹತ್ತಿರ ಹಿಡಿಯುತ್ತಾರೆ. ಏನು ಕೇಳಿಸುತ್ತದೋ ದೇವರಿಗೇ ಗೊತ್ತು, ಆದರೆ ಪ್ರತಿ ಸಲವೂ “ಹೂಂ” ಅನ್ನುತ್ತಾರೆ. ಅಂಗಡಿ ಹುಡುಗ ಮೊದಮೊದಲು ಓಡಿಬರುತ್ತಿದ್ದ. ಈಗ “ನೋಡ್ತಾ ಇರಿ ಅಂಕಲ್” ಎಂದು ತನ್ನ ಪಾಡಿಗೆ ತಾನಿರುತ್ತಾನೆ.

ತಮಾಷೆಯೆಂದರೆ ನಮ್ಮ ಬೀದಿಯ ಟ್ಯಾಬುಗಳೆಲ್ಲ ರಾಯರ ಸಲಹೆಯ ಮೇಲೇ ಬಂದವು. ಹಾಲಿನ ಬೂತಿನವನ ಮಗನಿಗೆ, ಎದುರುಮನೆ ಸಂಗೀತದ ಮೇಡಂಗೆ, ನನಗೆ ಕೂಡ. ಒಂದೂ ಕೈಕೊಟ್ಟಿಲ್ಲ.

ಮೊನ್ನೆ ಅಂಗಡಿಗೆ ನಾನೂ ಜೊತೆಗೆ ಹೋಗಿದ್ದೆ. ಮಾಲೀಕರೇ ಸ್ಟೂಲು ಎಳೆದುಕೊಟ್ಟು ಚಹಾ ತರಿಸಿದರು. ಅಷ್ಟರಲ್ಲಿ ತುಮಕೂರಿನಿಂದ ಬಂದ ದಂಪತಿ ರಾಯರನ್ನೇ ಯಜಮಾನರೆಂದುಕೊಂಡು, “ಮಗಳು ಪಿಯುಸಿ ಸಾರ್, ಯಾವುದು ಕೊಡ್ತೀರಿ?” ಎಂದರು. ರಾಯರು ಕನ್ನಡಕ ಸರಿಮಾಡಿಕೊಂಡು ಬ್ಯಾಟರಿ, ವಾರಂಟಿ, ಮೂರು ವರ್ಷದ ಅಪ್‌ಡೇಟ್ ಎಲ್ಲ ವಿವರಿಸಿ, ತಾವು ತಿಂಗಳುಗಟ್ಟಲೆ ಕಣ್ಣಿಟ್ಟಿದ್ದ ಮಾಡೆಲ್ಲನ್ನೇ ತೋರಿಸಿದರು. ಅವರು ಐದೇ ನಿಮಿಷಕ್ಕೆ ದುಡ್ಡು ಕೊಟ್ಟು ಹೊರಟರು.

“ಅಂಕಲ್, ಅದೇ ಲಾಸ್ಟ್ ಪೀಸು” ಅಂದ ಹುಡುಗ.

ರಾಯರ ಮುಖ ಅರಳಿತು. “ನೋಡಿದೆಯಾ? ಒಳ್ಳೇ ಮಾಲು ಅಂತ ನಾನು ಆವಾಗಿಂದ ಹೇಳ್ತಾನೇ ಇದೀನಿ!” ಎಂದವರೇ ಚೀಲದಿಂದ ಕೆಂಪು ಪೆನ್ನು ತೆಗೆದರು.