ಬಾಗಲಕೋಟೆ ಸೀಮೆಯಲ್ಲಿ ಮನೆ: ಬಳಕೆದಾರರ ಕೈಪಿಡಿ

ಶುರು ಮಾಡುವ ಮುನ್ನ ಗಮನಿಸಿ: ಈ ಯಂತ್ರದ ಸ್ವಿಚ್ಚುಗಳೆಲ್ಲ ಬೇರೆ ಊರುಗಳಲ್ಲಿವೆ.

ಮೊದಲು ನಿಮ್ಮ ಜಾಗ ಎಷ್ಟು ಮೀಟರಿನಲ್ಲಿದೆ ನೋಡಿಕೊಳ್ಳಿ. ಉದ್ದ ಅಗಲವಲ್ಲ, ಸಮುದ್ರಮಟ್ಟದಿಂದ. ಆಲಮಟ್ಟಿ ಅಣೆಕಟ್ಟಿನ ನೀರು ಈಗ 519.6ಕ್ಕೆ ನಿಲ್ಲುತ್ತದೆ. ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ 524.256ಕ್ಕೆ ಒಪ್ಪಿತು, ಗೆಜೆಟ್ ಅಧಿಸೂಚನೆ ಮಾತ್ರ ದೆಹಲಿಯಲ್ಲಿ ಸಿಕ್ಕಿಕೊಂಡಿದೆ. ನಿಮ್ಮ ಮನೆ ಈ ಎರಡು ಅಂಕಿಗಳ ನಡುವೆ ಬಂದರೆ ಆರ್ಕಿಟೆಕ್ಟರನ್ನು ಕರೆಸಬೇಡಿ. ಬಂದರೂ ಚಹಾ ಕುಡಿದು ಹೋಗುತ್ತಾರೆ. ಗಿಲಾವು ಉದುರಿದರೆ ಉದುರಲಿ, ಮುಳುಗುವ ಗೋಡೆಗೆ ಯಾರು ಬಣ್ಣ ಬಳಿದಾರು? ಮುಳುಗುವ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ಎಂದು 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ತೀರ್ಮಾನಿಸಿತು. ಆ ಹಣ ನಿಮ್ಮ ಖಾತೆಗೆ ಬೀಳುವ ಮೊದಲೇ ಬಾಗಲಕೋಟೆಯ ನವನಗರದಲ್ಲಿ ಸೈಟು ಮಾರುವವರ ಕಿವಿಗೆ ಬಿದ್ದಿರುತ್ತದೆ.

ಸಿಮೆಂಟ್: ಅದೇ ತಿಂಗಳ 22ರಿಂದ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಅಂಗಡಿಯವರಿಗೆ ನೆನಪಿಸಿ. ಅವರು 'ಲಾರಿ ಬಾಡಿಗೆ' ಎನ್ನುತ್ತಾರೆ. ಮುಂದಿನ ಹಂತಕ್ಕೆ ಹೋಗಿ.

ಕಲ್ಲು ಬೇಕಾದವರು ಹುನಗುಂದ ದಾಟಿ ಇಳಕಲ್ಲಿಗೆ ಬನ್ನಿ. ಕ್ವಾರಿಯಲ್ಲಿ ಸಾಲಾಗಿ ತೂತು ಕೊರೆದು ಸೀಳಿದ ಕೆಂಪು ಗ್ರಾನೈಟ್ ದಿಂಡಿನ ಮೇಲೆ ಖರೀದಿದಾರ ನೀರು ಸುರಿಸಿ, ಬಗ್ಗಿ ನೋಡುತ್ತಾನೆ. ಒದ್ದೆ ಮೈಯಲ್ಲಿ ಕೂದಲೆಳೆಯಷ್ಟು ಗೆರೆ ಕಂಡರೂ ತಲೆ ಅಲ್ಲಾಡಿಸುತ್ತಾನೆ. ಅಷ್ಟು ದಿನದ ಕೂಲಿ, ಡೀಸೆಲ್ ಎಲ್ಲ ಆ ಗೆರೆಯಲ್ಲೇ ಹೋಯಿತು. ಪಾಸಾದದ್ದು ಬಂದರಿನ ದಾರಿ ಹಿಡಿದು, ಯಾವುದೋ ದೇಶದ ಗೋರಿಯ ಮೇಲೆ ಕೂರುತ್ತದೆ. ನಪಾಸಾದದ್ದನ್ನು ಕಾಂಪೌಂಡಿಗೆ ಬಳಸಬಹುದು. ಪಡಸಾಲೆಗೆ? ಗುಜರಾತಿನ ಮೋರ್ಬಿಯಿಂದ ಬಂದ ಟೈಲ್ಸ್. ಇಳಕಲ್ಲಿನಲ್ಲೂ ಹಾಗೇ, ನಗಬೇಡಿ.

ಬಾದಾಮಿಯವರಿಗೆ ವಿಶೇಷ ಸೂಚನೆ: ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿಗೆ ಅನುಮತಿ ತರಬೇಕು. 578ರಲ್ಲಿ ಚಾಲುಕ್ಯರ ಮಂಗಳೇಶ ಇಲ್ಲಿನ ಮೂರನೆಯ ಗುಹೆಯನ್ನು ಮುಗಿಸಿದ್ದು ಯಾವ ನಿರಾಕ್ಷೇಪಣಾ ಪತ್ರವೂ ಇಲ್ಲದೆ. ನಿಮ್ಮದು ಬಚ್ಚಲುಮನೆ, ಆದ್ದರಿಂದ ಕಾಯಿರಿ. (ಕಾನೂನು ಸರಿಯೇ ಇದೆ. ಅದಿಲ್ಲದಿದ್ದರೆ ಅಗಸ್ತ್ಯತೀರ್ಥದ ದಂಡೆಯಲ್ಲಿ ಈಗಾಗಲೇ ಮೂರಂತಸ್ತಿನ ಲಾಡ್ಜ್‌ಗಳಿರುತ್ತಿದ್ದವು.)

ಗೌಂಡಿ: ಈ ಭಾಗ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಗೋವಾದಲ್ಲೋ ಮಂಗಳೂರಿನಲ್ಲೋ ಯಾರದೋ ಅಪಾರ್ಟ್‌ಮೆಂಟಿನ ಸ್ಲ್ಯಾಬ್ ಹಾಕುತ್ತಿರುತ್ತಾನೆ, ಅಲ್ಲಿ ಪಗಾರ ಜಾಸ್ತಿ. ಫೋನ್ ಮಾಡಿದರೆ, 'ಬನಶಂಕರಿ ಜಾತ್ರಿಗೆ ಬರ್ತೀನ್ರೀ' ಎನ್ನುತ್ತಾನೆ. ಯಾವ ವರ್ಷದ ಜಾತ್ರೆ ಎಂದು ಕೇಳುವ ಗುಂಡಿ ಈ ಮಾಡೆಲ್ಲಿನಲ್ಲಿಲ್ಲ.