ಸಣ್ಣ ಚೇಂಜ್ ಸಾರ್

ಯಾತ್ರಾ ಟೂರಿನವರ ಕರಪತ್ರದಲ್ಲಿ ದೇವರಿಗಿಂತ ದೊಡ್ಡ ಅಕ್ಷರದಲ್ಲಿ ಅಚ್ಚಾಗುವುದು ಊಟ. ಕಾಶಿ, ಪ್ರಯಾಗ, ಗಯಾ, ಅಯೋಧ್ಯೆಗಳು ಮೂಲೆಯಲ್ಲಿ ಒತ್ತರಿಸಿಕೊಂಡಿದ್ದರೆ, ನಟ್ಟನಡುವೆ ‘ನಮ್ಮದೇ ಅಡುಗೆ ಭಟ್ಟರು, ಬೆಳಗ್ಗೆ ಬಿಸಿ ಉಪ್ಪಿಟ್ಟು, ರಾತ್ರಿ ಅನ್ನ, ತಿಳಿಸಾರು’. ನಮ್ಮ ಮನೆಯಲ್ಲಿ ಅಡ್ವಾನ್ಸ್ ಕಟ್ಟಿಸಿದ್ದು ಆ ತಿಳಿಸಾರೇ. ಮೋಕ್ಷದ ಮಾತು ಆಮೇಲೆ.

ಹೊರಡುವ ದಿನ ಹತ್ತಿರವಾದಾಗ ಯಾತ್ರಿಕರ ವಾಟ್ಸಾಪ್ ಗ್ರೂಪಿಗೆ ಮ್ಯಾನೇಜರಿಂದ ಕೈಮುಗಿದ ಚಿತ್ರ ಬಂತು. ದುಡ್ಡು ಇಸಿದುಕೊಂಡವರು ತಾವಾಗಿ ಕೈಮುಗಿದರೆ ಹುಷಾರಾಗಬೇಕು. ‘ಸಣ್ಣ ಚೇಂಜ್ ಸಾರ್. ಫ್ಲೈಟ್ ಬದಲು ಸಂಘಮಿತ್ರ ಎಕ್ಸ್‌ಪ್ರೆಸ್. ಭಟ್ಟರು ಬರಲ್ಲ, ಅಲ್ಲೇ ಒಳ್ಳೆ ಹೋಟೆಲ್ ಇದೆ. ಸಹಕರಿಸಿ.’ ಎರಡೂವರೆ ಗಂಟೆಯ ಹಾರಾಟ ಎರಡು ರಾತ್ರಿಯ ರೈಲಾಗಿತ್ತು. ದರದಲ್ಲಿ ಮಾತ್ರ ಚೇಂಜ್ ಇರಲಿಲ್ಲ.

ಫೋನ್ ಮಾಡಿದೆ. “ರಸೀದಿ ಹಿಂದೆ ಓದಿ ಸಾರ್.” ಓದಿದೆ, ಭೂತಗನ್ನಡಿ ಹಿಡಿದು. ಮುನ್ಸೂಚನೆ ಇಲ್ಲದೆ ಕಾರ್ಯಕ್ರಮ ಬದಲಿಸುವ ಹಕ್ಕು ಸಂಸ್ಥೆಯದು. ಯಾತ್ರಿಕರು ಬಿಟ್ಟರೆ ಹಣ ವಾಪಸ್ಸಿಲ್ಲ.

ಬ್ರಿಟನ್ನಿನಲ್ಲಿರುವ ಅಕ್ಕನ ಮಗಳು ಕೇಳಿ ನಕ್ಕಳು. ಅಲ್ಲಿ 2018ರ ನಿಯಮಗಳ ಪ್ರಕಾರ ಪ್ಯಾಕೇಜಿನ ಮುಖ್ಯ ಅಂಶ ಬದಲಾದರೆ, ದರ ಶೇ. 8ಕ್ಕಿಂತ ಹೆಚ್ಚು ಏರಿದರೆ, ಬಿಡಿಗಾಸು ದಂಡವಿಲ್ಲದೆ ರದ್ದು ಮಾಡಬಹುದು. 14 ದಿನದೊಳಗೆ ಹಣ ಕೈಗೆ. ತಿಳಿಸಾರು ಮುಖ್ಯ ಅಂಶವೇ ಎಂಬ ಪ್ರಶ್ನೆಗೆ ಅವಳಲ್ಲಿ ಉತ್ತರವಿರಲಿಲ್ಲ. ಇಂಗ್ಲಿಷರಿಗೆ ಏನು ಗೊತ್ತು!

ನಮ್ಮಲ್ಲಿ ಟೂರಿಗೆಂದೇ ಅಂಥ ನಿಯಮವಿಲ್ಲ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಒಪ್ಪಿಕೊಂಡ ಸೇವೆ ಕೊಡದಿದ್ದರೆ ಸೇವಾ ನ್ಯೂನತೆ. ಕಂಪನಿ ಎಲ್ಲಿಯದೇ ಇರಲಿ, ನಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

“ಕಾಶಿಗೆ ಹೊರಟೋನು ಕೋರ್ಟಿಗೆ ಹೋಗ್ತೀಯೇನೋ?” ಎಂದಳು ಅಮ್ಮ. ಕಂಪನಿಯವರ ಧೈರ್ಯ ಇರುವುದು ಸಣ್ಣಕ್ಷರದಲ್ಲಲ್ಲ, ಇಲ್ಲಿ. ರಜೆ ಮಂಜೂರಾಗಿರುತ್ತದೆ, ಕೇರಿಗೆಲ್ಲ ಸುದ್ದಿಯಾಗಿರುತ್ತದೆ, ಎದುರುಮನೆಯವರು ಕಾಶಿದಾರಕ್ಕೂ ಗಂಗಾಜಲಕ್ಕೂ ಹೇಳಿಯಾಗಿರುತ್ತದೆ. ಇಷ್ಟಾದ ಮೇಲೆ ಯಾವ ಮರ್ಯಾದಸ್ಥ ಮನೆಯಲ್ಲಿ ಕೂರುತ್ತಾನೆ?

ಹೋಗುವುದೆಂದೇ ತೀರ್ಮಾನವಾಯಿತು. ಆದರೆ ಬಾಯಿ ಮುಚ್ಚಿಕೊಂಡಲ್ಲ. ‘ಈ ಬದಲಾವಣೆಗೆ ನನ್ನ ಒಪ್ಪಿಗೆ ಇಲ್ಲ, ವ್ಯತ್ಯಾಸದ ಹಣ ಕೇಳುವ ಹಕ್ಕು ಉಳಿಸಿಕೊಂಡು ಬರುತ್ತಿದ್ದೇನೆ’ ಎಂದು ಇ-ಮೇಲ್ ಬರೆದು, ಕರಪತ್ರ, ರಸೀದಿಗಳ ಫೋಟೊ ಲಗತ್ತಿಸಿದೆ. ಕೊನೆಗೆ ಒಗ್ಗರಣೆಗೆಂದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು: 1915.

ರಾತ್ರಿಯೇ ಉತ್ತರ ಬಂತು. ‘ಫ್ಲೈಟ್ ಡಿಫರೆನ್ಸ್ ನಿಮಗೆ ಕೊಡ್ತೀವಿ ಸಾರ್. ದಯವಿಟ್ಟು ಬೇರೆಯವರಿಗೆ ಹೇಳ್ಬೇಡಿ.’

ಪುಣ್ಯಾತ್ಮ ಅದನ್ನು ಕಳಿಸಿದ್ದು ಗ್ರೂಪಿಗೆ.